ಸಮುದ್ರವಿಲ್ಲದ ಊರಲ್ಲಿ ಹಡಗು ತಪ್ಪಿದ್ದು

ಹಡಗಿನ ಪ್ರವಾಸ ಮಾಡಿದವರಿಗೆ ಒಂದು ಗುಟ್ಟು ಗೊತ್ತಿರುತ್ತದೆ. ಹಡಗು ಬಂದರಿಗೆ ತಾಗಿದ ದಿನ ಊರು ತೋರಿಸಲು ಕಂಪನಿ ಬೇರೆಯೇ ದುಡ್ಡು ಕೇಳುತ್ತದೆ, ಅದೂ ತಲೆಗಿಷ್ಟು ಅಂತ. ಜಾಣರು ಕೊಡುವುದಿಲ್ಲ. ಗೇಟು ದಾಟಿ, ನಾಲ್ಕು ಜನ ಸೇರಿ ಟ್ಯಾಕ್ಸಿ ಹಿಡಿದು, ಅದೇ ಊರನ್ನು ಅಗ್ಗಕ್ಕೆ ನೋಡಿ ಬರುತ್ತಾರೆ. ಮಂಗಳೂರಿನ ಪಣಂಬೂರು ಬಂದರಿಗೆ ವಿಲಾಸಿ ಹಡಗು ಬಂದಾಗಲೂ ಅಷ್ಟೆ. ಕಂಪನಿಯ ಬಸ್ಸಿನಲ್ಲಿ ಹೋದವರು ಮೂಡುಬಿದಿರೆಯಲ್ಲಿ ನೋಡುವುದು ಸಾವಿರ ಕಂಬದ ಬಸದಿ. ಟ್ಯಾಕ್ಸಿಯಲ್ಲಿ ಹೋದವರಿಗೆ ಅದರಲ್ಲಿ ಒಂದು ಕಂಬವೂ ಕಡಿಮೆಯಾಗುವುದಿಲ್ಲ. ವ್ಯತ್ಯಾಸ ಒಂದೇ. ಕಂಪನಿಯ ಬಸ್ಸು ತಡವಾದರೆ ಹಡಗು ಕಾಯುತ್ತದೆ, ನಿಮ್ಮ ಟ್ಯಾಕ್ಸಿ ತಡವಾದರೆ ಕಾಯುವುದಿಲ್ಲ. ಹಾಗೆ ತಡವಾಗಿ ದಕ್ಕೆಯ ಮೇಲೆ ಚೀಲ ಅವಚಿಕೊಂಡು ಓಡಿ ಬರುವವರಿಗೆ ಮೇಲಿನಿಂದ ಉಳಿದ ಪ್ರಯಾಣಿಕರು ಚಪ್ಪಾಳೆ ತಟ್ಟುತ್ತಾರಂತೆ.

ನಾನು ಹಡಗು ಹತ್ತಿದವನಲ್ಲ. ಇಷ್ಟನ್ನೂ ಹೇಳಿದ್ದು ಮಂಗಳೂರಿನಲ್ಲಿರುವ ನನ್ನ ಷಡ್ಡಕ. ಆದರೆ ಸಿದ್ಧಾಂತ ಅಂದಮೇಲೆ ಅದು ನೀರಿನ ಮೇಲೇ ನಡೆಯಬೇಕು ಅಂತೇನಿಲ್ಲವಲ್ಲ.

ಮೈಸೂರಿನಿಂದ ಹೊರಟ ಪ್ಯಾಕೇಜ್ ಟೂರು ನಮ್ಮನ್ನು ಕಲಬುರಗಿಯ ಲಾಡ್ಜಿಗೆ ತಂದಿಳಿಸಿತ್ತು. ಮಧ್ಯಾಹ್ನ 3ಕ್ಕೆ ಬೀದರಿಗೆ ಪ್ರಯಾಣ. ಅಲ್ಲಿಯವರೆಗೆ ಕೋಟೆ, ಬಂದೇನವಾಜ್ ದರ್ಗಾ, ಶರಣಬಸವೇಶ್ವರ ದೇವಸ್ಥಾನ, ಬುದ್ಧವಿಹಾರ. ಆದರೆ ಇದು ‘ಐಚ್ಛಿಕ’. ಊಟ ಸೇರಿ ತಲೆಗೆ 600 ರೂಪಾಯಿ. ಮ್ಯಾನೇಜರು ಮೈಕು ಹಿಡಿದು ದಿನದ ಕಾರ್ಯಕ್ರಮ ಹೇಳುತ್ತಿದ್ದಾಗ ನಾನು ಹಿಂದಿನ ಸೀಟಿನಲ್ಲಿ ಒಬ್ಬ ನಿವೃತ್ತ ಆಡಿಟರಿಗೆ ಹಡಗಿನ ಸಿದ್ಧಾಂತ ವಿವರಿಸುತ್ತಿದ್ದೆ. ಕೋಟೆ ಎಲ್ಲಿಗೂ ಓಡಿ ಹೋಗುವುದಿಲ್ಲ. ನಿಜವಾದ ಪ್ರವಾಸಿ ನೋಡಬೇಕಾದ್ದು ಕಮಲಾಪುರದ ಕೆಂಪು ಬಾಳೆ. ಭೌಗೋಳಿಕ ಸೂಚಕದ ಮಾನ್ಯತೆ ಇರುವ ಹಣ್ಣು, ಹೋಗಬೇಕಾದ ದೂರ ಮೂವತ್ತೈದು ಕಿಲೋಮೀಟರಿನ ಆಚೀಚೆ. ಆಡಿಟರು ತಲೆದೂಗಿ ಬಸ್ ನಿಲ್ದಾಣದವರೆಗೆ ಬಂದರು, ಅಲ್ಲಿನ ಜನ ನೋಡಿದರು, ವಾಪಸ್ ಹೋಗಿ 600 ಕಟ್ಟಿದರು. ನನ್ನ ಹೆಂಡತಿ ಮೊದಲೇ ಕಟ್ಟಿದ್ದಳು.

ಅದಕ್ಕೂ ಮೊದಲು ರೈಲಿಗೂ ಪ್ರಯತ್ನ ಮಾಡಿದ್ದೆ ಅನ್ನಿ. ಕಲಬುರಗಿ–ಬೀದರ್ ಮಾರ್ಗ 110 ಕಿಲೋಮೀಟರು. ಮಂಜೂರಾದ ಮೇಲೆ ಸುಮಾರು ಎರಡು ದಶಕ ತೆವಳಿ, 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು. ಅದರಲ್ಲಿ ಕಮಲಾಪುರವೂ ಒಂದು ನಿಲ್ದಾಣ. ಅಷ್ಟು ತಾಳ್ಮೆಯಿಂದ ಬಂದ ಹಳಿಗೆ ನನ್ನ ಅವಸರ ಎಲ್ಲಿ ಅರ್ಥವಾಗಬೇಕು? ‘ಮುಂಜಾನಿ ಗಾಡಿ ಹೋಗ್ಯಾದ್ರೀ’ ಅಂದರು ಅಲ್ಲಿದ್ದವರೊಬ್ಬರು.

ಹಾಗಾಗಿ ಬೀದರ್ ಬೋರ್ಡಿನ ಸರ್ಕಾರಿ ಬಸ್ಸು ಹತ್ತಿ ಕಮಲಾಪುರಕ್ಕೆ ಟಿಕೆಟ್ ತೆಗೆದೆ. ಬಸ್ಸಿನ ತುಂಬ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹಿಡಿದ ಹೆಣ್ಣುಮಕ್ಕಳು. ಉಳಿತಾಯದ ಸಿದ್ಧಾಂತ ಹೊತ್ತು ಹೊರಟ ನಾನು ಆ ಬಸ್ಸಿನಲ್ಲಿ ದುಡ್ಡು ಕೊಟ್ಟ ಕೆಲವೇ ಮಂದಿಯಲ್ಲಿ ಒಬ್ಬ.

ಕಮಲಾಪುರದಲ್ಲಿ ಇಳಿದರೆ ಹೆದ್ದಾರಿಯ ಬದಿಯಲ್ಲೇ ಕೆಂಪು ಗೊನೆಗಳು ತೂಗುತ್ತಿದ್ದವು. ಬೇರೆ ಯಾರಾದರೂ ಒಂದು ಡಜನ್ ಕೊಂಡು ಎದುರಿನ ಬಸ್ಸಿಗೆ ಕೈ ಮಾಡುತ್ತಿದ್ದರು. ನಾನೋ ಸ್ವತಂತ್ರ ಪ್ರವಾಸಿ, ತೋಟವನ್ನೇ ನೋಡಬೇಕು. ಆಟೋದವನು ಕರೆದುಕೊಂಡು ಹೋದ. ತೋಟದ ಯಜಮಾನರು ಚಹಾ ತರಿಸಿ, ನೆರಳಲ್ಲಿ ಕೂರಿಸಿ, ಸಾವಕಾಶ ಮಾತಿಗೆ ಕೂತರು. ಈ ಗಿಡ ಎತ್ತರ, ಗಾಳಿಗೆ ಸೂಕ್ಷ್ಮ. ಬೇರೆ ಬಾಳೆ ವರ್ಷದೊಳಗೆ ಕೈಗೆ ಬಂದರೆ ಇದು ಒಂದೂವರೆ ವರ್ಷದ ಹತ್ತಿರ ತೆಗೆದುಕೊಳ್ಳುತ್ತದೆ. ಅದಕ್ಕೇ ಬೆಳೆಯುವವರು ಕಡಿಮೆ, ಬೆಲೆ ಜಾಸ್ತಿ, ಸಾಹುಕಾರರ ಹಣ್ಣು ಅನ್ನುವ ಹೆಸರು. ಸುಲಿದು ಕೊಟ್ಟರು. ದಪ್ಪ ಕೆಂಪು ಸಿಪ್ಪೆಯೊಳಗೆ ಕೆನೆಬಣ್ಣದ ತಿರುಳು, ಬಾಯಿಗಿಡುವ ಮೊದಲೇ ಮೂಗಿಗೆ ಬರುವ ಘಮ. ಈ ಒಂದು ಹಣ್ಣಿನ ಮಟ್ಟಿಗೆ ಯಾವ ಟೂರಿನವರೂ ನನ್ನ ಮುಂದೆ ನಿಲ್ಲುವ ಹಾಗಿಲ್ಲ. ‘ಇದಕ್ಕ ಅವಸರ ಮಾಡಿದ್ರ ನಡ್ಯಂಗಿಲ್ರೀ’ ಅಂದರು ಯಜಮಾನರು. ಗಡಿಯಾರ ನೋಡಿದೆ. 3ಕ್ಕೆ ಹತ್ತು ನಿಮಿಷ.

ಎರಡು ಡಜನ್ ಹಣ್ಣಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕಲಬುರಗಿಯ ಬಸ್ಸಿನಲ್ಲಿ ಕೂತೆ. ಅರ್ಧ ಗಂಟೆ ಕಾಯದೆ ಎಲ್ಲಿಗೆ ಹೋಗುತ್ತಾರೆ ಎಂಬ ಧೈರ್ಯ. ಮಹಾಗಾಂವ್ ಕ್ರಾಸ್ ಹತ್ತಿರ ಎದುರಿನಿಂದ ಒಂದು ಬಸ್ಸು ಬಂತು. ಮುಂದುಗಡೆ ನಮ್ಮ ಟೂರಿನ ಬ್ಯಾನರು, ಕಿಟಕಿಯಲ್ಲಿ ನಿವೃತ್ತ ಆಡಿಟರ ಬೋಳುತಲೆ. ಹಾದೇ ಹೋಯಿತು. ಫೋನು ಬಂತು.

‘ಎಲ್ಲಿದ್ದೀರಿ?’

‘ಈಗ ತಾನೇ ನಿಮ್ಮ ಬಸ್ಸಿನ ಪಕ್ಕದಲ್ಲೇ ಹೋದೆ.’

‘ಆ ಕಡೆ ಯಾಕೆ ಹೋಗ್ತಿದ್ದೀರಿ? ಕಮಲಾಪುರದಲ್ಲಿ ಬಾಳೆಹಣ್ಣಿಗೆ ಅಂತ ನಿಲ್ಲಿಸ್ತಾರೆ, ಬೆಳಿಗ್ಗೆ ಮೈಕಲ್ಲಿ ಹೇಳಲಿಲ್ವಾ?’

ಎದ್ದು ಗಂಟೆ ಹೊಡೆಸಿದೆ. ‘ಏನ್ರೀ ಸಾಹೇಬ್ರ, ಈಗ್ ಹತ್ತಿ ಈಗ್ ಇಳಿಲಾಕತ್ತೀರಿ!’ ಎಂದ ಕಂಡಕ್ಟರ್. ಕ್ರಾಸಿನಲ್ಲಿ ಬಿಸಿಲಲ್ಲಿ ನಿಂತು, ಇನ್ನೊಂದು ಬಸ್ಸು ಹಿಡಿದು, ಮತ್ತೆ ಕಮಲಾಪುರ ತಲುಪಿದಾಗ ಹಣ್ಣಿನಂಗಡಿಯವನು ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದ. ‘ತಪ್ಪಿಸ್ಕೊಂಡೋರು ನೀವೇ ಏನ್ರೀ? ಬಸ್ಸು ಈಗರೆ ಹೋಯ್ತ್ರೀ. ನಿಮ್ಮ ಮನಿಯವ್ರು ಹೇಳಿ ಹೋಗ್ಯಾರ, ಹುಮನಾಬಾದ್ ಮ್ಯಾಲಿನ ಬಸ್ಸಿಗಿ ಕೂಡಸ್ರೀ ಅಂತ.’ ಕೂಡಿಸಿದ. ಕೂಡುವುದಕ್ಕೆ ಜಾಗವಿರಲಿಲ್ಲ ಎಂಬುದು ಬೇರೆ ಮಾತು.

ರಾತ್ರಿ ಬೀದರಿನ ಲಾಡ್ಜಿನ ಊಟದ ಹಾಲಿಗೆ ಕಾಲಿಟ್ಟಾಗ ಚಪ್ಪಾಳೆ ಬಿತ್ತು. ಷಡ್ಡಕ ಸುಳ್ಳು ಹೇಳಿರಲಿಲ್ಲ. ಒಂದು ಡಜನ್ ಹಣ್ಣು ಬಸ್ಸಿನ ನೂಕಿನಲ್ಲಿ ಹಲ್ವವಾಗಿತ್ತು. ಉಳಿದದ್ದನ್ನು ಯಾರೂ ಮುಟ್ಟಲಿಲ್ಲ, ಎಲ್ಲರ ಬಳಿಯೂ ಒಂದೊಂದು ಚಿಪ್ಪಿತ್ತು. ಆಡಿಟರು ಕೇಳದೆಯೇ ಲೆಕ್ಕ ಮಾಡಿಕೊಟ್ಟರು: ಬಸ್ಸು, ಆಟೋ, ಹಣ್ಣು ಎಲ್ಲ ಸೇರಿ 600 ಯಾವಾಗಲೋ ದಾಟಿತ್ತು.

ಕಲಬುರಗಿಯನ್ನು ನಾನು ನೋಡಿದ್ದು ಹೆಂಡತಿಯ ಬಾಯಿಂದ. ಕೋಟೆಯೊಳಗಿನ ಜಾಮಾ ಮಸೀದಿ 1367ರದ್ದಂತೆ. ಮಸೀದಿಗಳಲ್ಲಿ ಸಾಮಾನ್ಯವಾಗಿರುವ ತೆರೆದ ಅಂಗಳ ಅಲ್ಲಿಲ್ಲ, ಇಡೀ ಜಾಗಕ್ಕೆ ಗುಮ್ಮಟಗಳ ಮಾಡು, ಎಲ್ಲಿ ನಿಂತರೂ ಕಮಾನುಗಳ ಸಾಲು. ಬುರುಜಿನ ಮೇಲಿನ ತೋಪು 29 ಅಡಿ ಉದ್ದವಂತೆ. ಊಟಕ್ಕೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ. ಇದನ್ನು ಮೈಸೂರು ಮುಟ್ಟುವವರೆಗೂ ಕೇಳಿದೆ. ‘ಬಹಮನಿ ಸುಲ್ತಾನರೂ 1420ರ ದಶಕದಲ್ಲಿ ಕಲಬುರಗಿಯಿಂದ ಬೀದರಿಗೇ ಹೋದದ್ದು ಗೊತ್ತಾ?’ ಎಂದಳು ಒಮ್ಮೆ. ‘ಇಡೀ ರಾಜಧಾನಿ ಕಟ್ಟಿಕೊಂಡು ಹೋದರು. ಒಬ್ಬರೂ ಹಿಂದೆ ಉಳಿಯಲಿಲ್ಲ.’

ನನ್ನ ಸಿದ್ಧಾಂತದಲ್ಲಿ ದೋಷವಿದೆ ಎಂದು ನಾನು ಈಗಲೂ ಒಪ್ಪುವುದಿಲ್ಲ. ತೋಟ ನೋಡಿದವನು ಆ ಗುಂಪಿನಲ್ಲಿ ನಾನೊಬ್ಬನೇ. ನೀವೂ ಸ್ವಂತವಾಗಿಯೇ ಹೋಗಿ, ತೋಟ ನೋಡಿ, ಚಹಾ ಕುಡಿಯಿರಿ. ಆಮೇಲೆ ರಸ್ತೆಬದಿಗೆ ಬಂದು ಅಲ್ಲೇ ನಿಲ್ಲಿ. ಕಲಬುರಗಿಯಿಂದ ಹುಮನಾಬಾದ್ ಮೇಲೆ ಬೀದರಿಗೆ ಹೋಗುವ ಹೆದ್ದಾರಿ ಕಮಲಾಪುರವನ್ನು ಹಾದೇ ಹೋಗುತ್ತದೆ.