ನಡುಗಡಲಲ್ಲಿ ಕೋಟಿನ ಜಗಳ

ಸೌತಾಂಪ್ಟನ್ನಿನಿಂದ ನ್ಯೂಯಾರ್ಕಿಗೆ ಹೋಗುವ ‘ಕ್ವೀನ್ ಮೇರಿ 2’ ಹಡಗಿನಲ್ಲಿ ಸಂಜೆ ಆರು ಹೊಡೆದ ಕೂಡಲೇ ಕೆಲವು ಗಂಡಸರ ಪಾಲಿಗೆ ಹಡಗು ಚಿಕ್ಕದಾಗಿಬಿಡುತ್ತದೆ. ಠೀವಿಯಾಗಿ ಡ್ರೆಸ್ ಮಾಡಿಕೊಂಡವನಿಗೆ ಎಲ್ಲ ಬಾಗಿಲೂ ತೆರೆದಿರುತ್ತದೆ. ಹಗಲು ಹಾಕಿದ್ದನ್ನೇ ಹಾಕಿಕೊಂಡು ಅಡ್ಡಾಡುವವನಿಗೆ ಬಫೆ, ಒಂದು ಪಬ್ಬು, ಇನ್ನೊಂದೆರಡು ಮೂಲೆ, ಅಷ್ಟೇ. ಏಳು ರಾತ್ರಿಯ ಆ ಪ್ರಯಾಣದಲ್ಲಿ ‘ಗಾಲಾ’ ರಾತ್ರಿಗಳು ಬೇರೆ ಇವೆ. ಅವತ್ತು ಟಕ್ಸೀಡೊ, ಇಲ್ಲವೇ ಗಾಢ ಬಣ್ಣದ ಸೂಟು, ಕತ್ತಿಗೊಂದು ಟೈ. ಹೆಂಗಸರಿಗೆ ನೆಲ ಗುಡಿಸುವ ಗೌನು. ಕಿಟಕಿಯಾಚೆ ನೋಡಿದರೆ ಅಟ್ಲಾಂಟಿಕ್. ಇಷ್ಟೆಲ್ಲ ಸಿಂಗಾರ ನೋಡುವುದಕ್ಕೆ ಹೊರಗಿನವರು ಅಂತ ಇದ್ದರೆ ತಿಮಿಂಗಿಲ. ಅದೂ ಬೆತ್ತಲೆ.

ಇದರ ಸುತ್ತಲೇ ಕ್ರೂಸ್ ಹೋಗುವವರಲ್ಲಿ ಎರಡು ಪಕ್ಷಗಳಾಗಿವೆ. ಒಂದು ಕೋಟಿನ ಪಕ್ಷ, ಇನ್ನೊಂದು ಬರ್ಮುಡಾ ಪಕ್ಷ. ಕೋಟಿನವರು ಹೇಳುತ್ತಾರೆ, “ಬಿಳಿ ಬಟ್ಟೆ ಹಾಸಿದ ಮೇಜು, ನಾಲ್ಕು ಬಗೆಯ ಚಮಚ, ಎದುರಿಗೆ ಮೊಣಕಾಲು ಬಿಟ್ಟುಕೊಂಡು ಕೂತ ಮನುಷ್ಯ! ಊಟ ಹೇಗ್ರೀ ಇಳಿಯುತ್ತೆ?” ಬರ್ಮುಡಾದವರ ಉತ್ತರ ಇನ್ನೂ ಸರಳ: “ದುಡ್ಡು ನನ್ನದು, ರಜೆ ನನ್ನದು, ಮೊಣಕಾಲೂ ನನ್ನದೇ.” ಇಬ್ಬರ ಮಾತಿನಲ್ಲೂ ನ್ಯಾಯ ಇದೆ, ಅದೇ ತೊಂದರೆ. ಊರಿನಲ್ಲಾದರೆ ಪಕ್ಕದ ಮನೆಯವನ ಉಡುಪು ಸರಿಬೀಳದಿದ್ದರೆ ಕಿಟಕಿ ಮುಚ್ಚಿಕೊಂಡರಾಯಿತು. ಹಡಗಿನಲ್ಲಿ ಅದೇ ಬರ್ಮುಡಾ ಬೆಳಿಗ್ಗೆ ಆಮ್ಲೆಟ್ಟಿನ ಸಾಲಿನಲ್ಲಿ ಎದುರಾಗುತ್ತದೆ, ಮಧ್ಯಾಹ್ನ ಲಿಫ್ಟಿನಲ್ಲಿ ಸಿಗುತ್ತದೆ, ರಾತ್ರಿ ಪಕ್ಕದ ಮೇಜಿನಲ್ಲೇ ಬಂದು ಕೂರುತ್ತದೆ. ಎದ್ದು ಹೋಗೋಣ ಅಂದರೆ ಮುಂದಿನ ಬಂದರು ನಾಲ್ಕು ದಿನ ದೂರ.

ನೂರು ವರ್ಷದ ಹಿಂದೆ ಇದು ಜಗಳವೇ ಆಗಿರಲಿಲ್ಲ. ಮೊದಲ ದರ್ಜೆಯ ಹೆಂಗಸರು ದಿನಕ್ಕೆ ಮೂರು ನಾಲ್ಕು ಸಲ ಬಟ್ಟೆ ಬದಲಿಸುತ್ತಿದ್ದ ಕಾಲ ಅದು. ಟ್ರಂಕುಗಳೇ ಒಂದು ಸಂಸಾರ. ಕ್ಯಾಬಿನ್ನಿಗೆ ಬೇಕಾದ ಪೆಟ್ಟಿಗೆಗೆ ಒಂದು ಚೀಟಿ, ತಳದ ಉಗ್ರಾಣಕ್ಕೆ ಹೋಗಬೇಕಾದದ್ದಕ್ಕೆ ‘ಪ್ರಯಾಣದಲ್ಲಿ ಬೇಡ’ ಎಂಬ ಇನ್ನೊಂದು ಚೀಟಿ. ಮೊದಲ ರಾತ್ರಿ ಮಾತ್ರ ಯಾರೂ ಸಂಜೆಯ ಉಡುಪು ತೊಡುತ್ತಿರಲಿಲ್ಲ. ಪೆಟ್ಟಿಗೆ ಬಿಚ್ಚಿ ಇಸ್ತ್ರಿ ಆಗಬೇಕಲ್ಲ ಎಂಬ ಕರುಣೆ. ಆ ರಿಯಾಯಿತಿ ಇವತ್ತಿಗೂ ಬಹಳ ಹಡಗುಗಳಲ್ಲಿ ಉಳಿದಿದೆ, ಪೆಟ್ಟಿಗೆಗೆ ಚಕ್ರ ಬಂದ ಮೇಲೂ.

ಕೋಟಿನ ಪಕ್ಷಕ್ಕೆ ಒಬ್ಬ ಹುತಾತ್ಮನೂ ಇದ್ದಾನೆ. 1912ರಲ್ಲಿ ಟೈಟಾನಿಕ್ ಮುಳುಗುವುದು ಖಾತ್ರಿಯಾದಾಗ ಅಮೆರಿಕದ ಸಿರಿವಂತ ಬೆಂಜಮಿನ್ ಗುಗೆನ್‌ಹೈಮ್ ತನ್ನ ಪರಿಚಾರಕನ ಜೊತೆ ಹೋಗಿ, ಲೈಫ್ ಜಾಕೆಟ್ ಕಳಚಿ, ಸಂಜೆಯ ಉಡುಪು ತೊಟ್ಟು ಬಂದ ಎಂದು ಬದುಕಿ ಬಂದ ಹಡಗಿನ ಸಿಬ್ಬಂದಿಯೊಬ್ಬ ಹೇಳಿದ. ಸಾಯುವುದಾದರೂ ಸಭ್ಯರ ಹಾಗೆ ಸಾಯೋಣ ಎಂಬ ಛಲ. ಕೋಟಿನವರು ಈ ಕತೆ ಹೇಳುವಾಗ ಕಣ್ಣೊರೆಸಿಕೊಳ್ಳುತ್ತಾರೆ. ಬರ್ಮುಡಾದವರು ಕೇಳುವುದು ಒಂದೇ ಪ್ರಶ್ನೆ: “ಅಲ್ರೀ, ಲೈಫ್ ಜಾಕೆಟ್ ಯಾಕೆ ತೆಗೆದ?”

ಕೋಟಿಗೆ ನಿಜವಾದ ಪೆಟ್ಟು ಬಿದ್ದದ್ದು ಆಕಾಶದಿಂದ. 1958ರ ಅಕ್ಟೋಬರಿನಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟತೊಡಗಿದವು. ದಿನಗಟ್ಟಲೆ ಹಿಡಿಯುತ್ತಿದ್ದ ದಾರಿ ಗಂಟೆಗಳಿಗೆ ಇಳಿಯಿತು. ಹೋಗಬೇಕಾದವರೆಲ್ಲ ವಿಮಾನ ಹತ್ತಿದ ಮೇಲೆ ಹಡಗಿನವರು ಎಲ್ಲಿಗೂ ಹೋಗಬೇಕಿಲ್ಲದವರನ್ನು ಹುಡುಕಿಕೊಂಡು ಹೊರಟರು. 1972ರಲ್ಲಿ ಕಾರ್ನಿವಲ್ ಎಂಬ ಹೊಸ ಕಂಪನಿ ‘ಮಾರ್ಡಿ ಗ್ರಾ’ ಎಂಬ ಹಳೆಯ ಹಡಗನ್ನು ಹಿಡಿದು ಮಯಾಮಿಯಿಂದ ಹೊರಟಿತು. ಮೊದಲ ಪ್ರಯಾಣದಲ್ಲೇ, ಬಂದರಿನ ಬಾಯಲ್ಲೇ ಹಡಗು ಮರಳಿನಲ್ಲಿ ಸಿಕ್ಕಿಹಾಕಿಕೊಂಡಿತು. ಅಲ್ಲಿಂದ ಎದ್ದು ಬಂದು, ನಮ್ಮದು ಮೋಜಿನ ಹಡಗು, ಗಾಂಭೀರ್ಯ ಗೀಂಭೀರ್ಯ ಇಲ್ಲ ಅಂತ ಸಾರಿತು ನೋಡಿ, ಜನ ಮುಗಿಬಿದ್ದರು. ಅದರ ಮೇಲೆ ವಿಮಾನದವರು ಪೆಟ್ಟಿಗೆಯ ತೂಕಕ್ಕೆ ಗೆರೆ ಎಳೆದರು. ಕೋಟು, ಷೂ, ಗೌನು, ಅದಕ್ಕೊಪ್ಪುವ ಚಪ್ಪಲಿ ಎಲ್ಲ ಸೇರಿದರೆ ಮಿಕ್ಕದ್ದಕ್ಕೆ ಜಾಗವೆಲ್ಲಿ? 2000ದಲ್ಲಿ ನಾರ್ವೀಜಿಯನ್ ಕ್ರೂಸ್ ಲೈನ್ ‘ಫ್ರೀಸ್ಟೈಲ್’ ಅಂದಿತು. ಇಂಥ ಹೊತ್ತಿಗೇ ಬರಬೇಕು, ಇಂಥ ಮೇಜಿನಲ್ಲೇ ಇಂಥ ಅಪರಿಚಿತರ ಜೊತೆಗೇ ಕೂರಬೇಕು, ಕೋಟು ತೊಟ್ಟಿರಬೇಕು ಎಂಬ ಕಟ್ಟಳೆ ಅಲ್ಲಿ ಒಂದೇ ಏಟಿಗೆ ಬಿತ್ತು. ಈಚಿನ ವರ್ಜಿನ್ ವಾಯೇಜಸ್‌ನವರಂತೂ ಡ್ರೆಸ್ ಕೋಡೇ ಇಲ್ಲ ಅನ್ನುತ್ತಾರೆ. ಆದರೆ ಒಂದು ರಾತ್ರಿ ಎಲ್ಲರೂ ಕೆಂಪು ಹಾಕಿಕೊಂಡು ಬಂದರೆ ಚೆಂದ ಅಂತಲೂ ಅನ್ನುತ್ತಾರೆ. ಇಲ್ಲ ಅನ್ನುವುದಕ್ಕೂ ಒಂದು ಬಣ್ಣ ಬೇಕಾಯಿತು.

ಹಾಗಿದ್ದರೂ ಎಷ್ಟೋ ಹಡಗುಗಳಲ್ಲಿ ಫಾರ್ಮಲ್ ನೈಟ್ ಉಸಿರು ಹಿಡಿದುಕೊಂಡಿದೆ. ಸಂಪ್ರದಾಯದ ಮೇಲಿನ ಭಕ್ತಿ ಅಂದುಕೊಂಡಿರಾ? ಆ ರಾತ್ರಿ ಊಟದ ಹಾಲ್‌ಗೆ ಹೋಗುವ ದಾರಿಯಲ್ಲಿ ಸೂರ್ಯಾಸ್ತದ ಪರದೆ, ಸುರುಳಿ ಮೆಟ್ಟಿಲಿನ ಪರದೆ, ಒಂದೊಂದರ ಮುಂದೆ ಒಬ್ಬೊಬ್ಬ ಫೋಟೋಗ್ರಾಫರ್ ನಿಂತಿರುತ್ತಾರೆ. ಟಕ್ಸೀಡೊ ತೊಟ್ಟ ಗಂಡನ ಪಟವನ್ನು ದುಡ್ಡು ಕೊಟ್ಟು ಕೊಳ್ಳುವ ಹೆಂಡತಿ, ಬನಿಯನ್ ತೊಟ್ಟ ಗಂಡನ ಪಟ ಪುಕ್ಕಟೆ ಕೊಟ್ಟರೂ ಒಯ್ಯುವುದಿಲ್ಲ. ಕೋಟಿನ ಆಯಸ್ಸು ಉಳಿದಿರುವುದರಲ್ಲಿ ಈ ವ್ಯಾಪಾರದ್ದೂ ಒಂದು ಪಾಲಿದೆ ಎಂದು ನನ್ನ ಗುಮಾನಿ.

ಇನ್ನು ಕ್ವೀನ್ ಮೇರಿ 2ರಲ್ಲಿ ನಾಯಿಗಳಿಗೂ ವಸತಿ ಇದೆ. ಇಂಗ್ಲಿಷ್ ನಾಯಿಗೆ ಕಾಲೆತ್ತಲು ಬ್ರಿಟನ್ನಿನ ದೀಪದ ಕಂಬ, ಅಮೆರಿಕದ ನಾಯಿಗೆ ಅಲ್ಲಿನ ಬೀದಿಯ ಅಗ್ನಿಶಾಮಕ ನಲ್ಲಿ, ಎರಡನ್ನೂ ಡೆಕ್ಕಿನ ಮೇಲೆ ನೆಟ್ಟಿದ್ದಾರೆ. ಹಡಗಿನ ಹೆಸರು ಬರೆದ ಪುಟ್ಟ ಕೋಟು ಕೂಡ ನಾಯಿಗಳಿಗೆ ಉಡುಗೊರೆಯಾಗಿ ಸಿಕ್ಕ ಕಾಲ ಉಂಟು. ಅಂದರೆ ಕೋಟಿಲ್ಲದೆ ಬಫೆಗೆ ಹೋದ ಮಾಲೀಕನಿಗಿಂತ ಅವನ ನಾಯಿಯೇ ಒಂದು ತೂಕ ಹೆಚ್ಚು.

ಉಡುಪಿನ ಕಟ್ಟಳೆ ಸಡಿಲವಾದ ಮೇಲೆ ಹಡಗಿನವರು ಸುಮ್ಮನೆ ಕೂತರೇ? ಇಲ್ಲ. ಕತ್ತಿನಿಂದ ಇಳಿಸಿದ ಕಟ್ಟಳೆಯನ್ನು ಕೈಗೆ ಕಟ್ಟಿದರು. ಬಫೆಯ ಬಾಗಿಲಲ್ಲಿ ಸಿಬ್ಬಂದಿ ನಿಂತು “ವಾಷಿ ವಾಷಿ” ಎಂದು ರಾಗವಾಗಿ ಹಾಡುತ್ತಾ ಕೈಗೆ ಸ್ಯಾನಿಟೈಸರ್ ಹೊಡೆಯುತ್ತಾರೆ. ನಗಬೇಡಿ, ನೋರೊವೈರಸ್ ಒಂದು ಸಲ ಹತ್ತಿತೆಂದರೆ ಟಕ್ಸೀಡೊ, ಬರ್ಮುಡಾ ಎಂಬ ಭೇದವಿಲ್ಲದೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ಶೌಚಾಲಯಕ್ಕೆ ಓಡಿಸುತ್ತದೆ. 2019ರಲ್ಲಿ ಕಾರ್ನಿವಲ್‌ನವರು ಅಸಭ್ಯ ಬರಹ, ದ್ವೇಷದ ಮಾತು ಇರುವ ಬಟ್ಟೆ ಬೇಡ ಎಂದು ಸೇರಿಸಿದರು. ಕೋಟು ಹೋಗಿ ಟೀ ಷರ್ಟ್ ಬಂದದ್ದರ ಫಲ ಇದು. ಕೋಟಿಗೆ ಏನೇ ದೋಷ ಇರಲಿ, ಅದು ಎದೆಯ ಮೇಲೆ ಬೈಗುಳ ಬರೆದುಕೊಂಡು ಬರುತ್ತಿರಲಿಲ್ಲ. ದಡ ಇಳಿದರೂ ಬಿಡುಗಡೆ ಇಲ್ಲ: ಬಾರ್ಬಡೋಸ್, ಜಮೈಕಾ, ಸೇಂಟ್ ಲೂಸಿಯಾದಂಥ ದ್ವೀಪಗಳಲ್ಲಿ ಸೈನಿಕರ ಹಸಿರು ಮಚ್ಚೆಯ ಬಟ್ಟೆಯನ್ನು ಸಾಮಾನ್ಯರು ಹಾಕುವುದು ಕಾನೂನಿಗೇ ವಿರುದ್ಧ. ಮಗುವಿನ ಚಡ್ಡಿಗೂ ವಿನಾಯಿತಿ ಇಲ್ಲ.

ಆದರೆ ಇವತ್ತಿನ ಹಡಗಿನ ಕುರುಕ್ಷೇತ್ರ ಎಲ್ಲಿ ಅಂದರೆ ಈಜುಕೊಳದ ಪಕ್ಕದ ಒರಗು ಕುರ್ಚಿಗಳಲ್ಲಿ. ಬೆಳಿಗ್ಗೆ ಆರಕ್ಕೇ ಬಂದು ನಾಲ್ಕು ಕುರ್ಚಿಗೆ ನಾಲ್ಕು ಟವೆಲ್ ಹಾಸಿ, ಒಂದರ ಮೇಲೆ ಪುಸ್ತಕ, ಒಂದರ ಮೇಲೆ ಒಂಟಿ ಚಪ್ಪಲಿ ಇಟ್ಟು ಮಲಗಲು ವಾಪಸ್ ಹೋಗುವವರಿದ್ದಾರೆ. ಹನ್ನೊಂದರವರೆಗೆ ಟವೆಲ್ಲೇ ಬಿಸಿಲು ಕಾಯುತ್ತಿರುತ್ತದೆ. ಬಿಳಿಯರು ಇದಕ್ಕೆ ‘ಚೇರ್ ಹಾಗ್’ ಎಂದು ಬೈದು, ಏನೋ ಹೊಸ ಪಿಡುಗು ಬಂತು ಎಂಬಂತೆ ಗೋಳಾಡುತ್ತಾರೆ. ನಮ್ಮ ಕೆಂಪು ಬಸ್ಸಿನ ಕಿಟಕಿಯಲ್ಲಿ ಟವೆಲ್ ತೂರಿಸಿ ಸೀಟು ಹಿಡಿದವರನ್ನು ಕೇಳಿದ್ದರೆ ಈ ಶಾಸ್ತ್ರದ ಮೂಲಪಾಠವನ್ನೇ ಹೇಳಿಕೊಡುತ್ತಿದ್ದರು. ವ್ಯತ್ಯಾಸ ಏನೆಂದರೆ ನಮ್ಮಲ್ಲಿ ಟವೆಲ್ ಹಾಕಿದವನು ಎರಡು ನಿಮಿಷದಲ್ಲಿ ನೂಕಿಕೊಂಡು ಬಂದು ಕೂರುತ್ತಾನೆ. ಅವನಿಗೆ ಹಕ್ಕಿನ ಜೊತೆ ಅವಸರವೂ ಇದೆ. ಹಡಗಿನ ಟವೆಲ್‌ಗೆ ಹಕ್ಕು ಮಾತ್ರ. ಕೊನೆಗೆ ಕಾರ್ನಿವಲ್‌ನವರು ಖಾಲಿ ಕುರ್ಚಿಗೆ ಹೊತ್ತು ಬರೆದ ಚೀಟಿ ಅಂಟಿಸಿ, 40 ನಿಮಿಷ ಕಾದು ಸಾಮಾನು ಎತ್ತಿಡುವ ಪದ್ಧತಿ ತಂದರು. ಪಕ್ಕದಲ್ಲಿ ನಿಂತು ಗಡಿಯಾರ ನೋಡುವವರ ಮುಖದ ಮೇಲೆ ಆಗ ಬರುವ ಕಳೆ ಯಾವ ಗಾಲಾ ರಾತ್ರಿಯಲ್ಲೂ ಬರದು.

ನಮ್ಮವರು ಈ ಜಗಳದಲ್ಲಿ ಯಾವ ಪಕ್ಷ? ಅಮೆರಿಕದಲ್ಲಿರುವ ಮಗನ ಮನೆಗೆ ಆರು ತಿಂಗಳಿಗೆ ಹೋಗಿ, ಅಲ್ಲಿಂದ ಅಲಾಸ್ಕಾ ಕ್ರೂಸ್ ಹತ್ತುವ ಅಪ್ಪ ಅಮ್ಮಂದಿರು ಈಗ ಮನೆಗೊಬ್ಬರು. ನಮ್ಮ ದೊಡ್ಡಮ್ಮನೂ ಹೊರಟರು. ಹೊರಡುವ ಮುಂಚೆ ಫೋನು.

“ಅಲ್ಲ ಕಣೋ, ಅದೇನೋ ಫಾರ್ಮಲ್ ನೈಟ್ ಅಂತೆ. ಸೊಸೆ ಗೌನು ಹಾಕ್ಕೊತಾಳಂತೆ. ನಾನೇನು ಮಾಡ್ಲಿ?”

“ಮೈಸೂರು ಸಿಲ್ಕ್ ಉಟ್ಕೊಳಿ ದೊಡ್ಡಮ್ಮ. ಅದಕ್ಕಿಂತ ಫಾರ್ಮಲ್ ಏನಿದೆ?”

“ಸಿಲ್ಕೇನೋ ಸರಿ. ಚಳಿ ಯಾರಪ್ಪ ತಡಕೊಳ್ಳೋರು? ಮೇಲೆ ಸ್ವೆಟರ್ ಹಾಕ್ಕೊಬಹುದಾ ಕೇಳಿ ಹೇಳು.”

ಹಾಕಿಕೊಂಡರು. ಜರಿ ಸೀರೆ, ಮೇಲೆ ಮಗನ ಹಳೆಯ ಸ್ವೆಟರ್, ಕಿವಿಗೆ ಮಫ್ಲರ್, ಕಾಲಿಗೆ ಸಾಕ್ಸು, ಬಿಳಿ ಸ್ಪೋರ್ಟ್ಸ್ ಷೂ. ಕೋಟಿನವರೂ ಬರ್ಮುಡಾದವರೂ ಸೇರಿ ಹುಟ್ಟಿಸಿದರೂ ಇಂಥ ರಾಜಿಸೂತ್ರ ಹುಟ್ಟುತ್ತಿರಲಿಲ್ಲ. ಬಾಗಿಲಲ್ಲಿ ನಿಂತವನು ತಡೆಯಲಿಲ್ಲ. ಅಕ್ಕಪಕ್ಕದ ಮೇಜಿನ ಗೌನುಗಳು ಎದ್ದು ಬಂದು ಸೆರಗು ಮುಟ್ಟಿ ನೋಡಿದವಂತೆ. ಚಟ್ನಿಪುಡಿಯ ಡಬ್ಬಿ ತೆಗೆದಾಗಲೂ ಯಾರೂ ಏನೂ ಅನ್ನಲಿಲ್ಲವಂತೆ. ದೊಡ್ಡಪ್ಪನದೇ ಕಷ್ಟ. ಆಯಾ ದೇಶದ ಸಾಂಪ್ರದಾಯಿಕ ಉಡುಪು ಕ್ವೀನ್ ಮೇರಿ 2 ನಡೆಸುವ ಕ್ಯೂನಾರ್ಡ್ ಕಂಪನಿಯ ಗಾಲಾ ರಾತ್ರಿಗೂ ನಡೆಯುತ್ತದೆ, ಸ್ಕಾಟ್ಲೆಂಡಿನವರು ಕಿಲ್ಟ್ ತೊಟ್ಟು ಬರುತ್ತಾರೆ ಎಂದು ಯಾರೋ ಹೇಳಿದ್ದನ್ನು ನಂಬಿ ಅವರು ಪಂಚೆ, ಶಲ್ಯ ಒಯ್ದಿದ್ದರು. ಊಟದ ಹಾಲ್‌ನಲ್ಲಿ ರಾಜಮರ್ಯಾದೆಯೇ ಸಿಕ್ಕಿತು. ಊಟವಾದ ಮೇಲೆ ಗಾಳಿಗೆ ಅಂತ ಡೆಕ್ಕಿಗೆ ಹೋದರು. ಅಲ್ಲಿನ ಗಾಳಿ ಯಾವ ದೇಶದ ಸಂಪ್ರದಾಯಕ್ಕೂ ಮರ್ಯಾದೆ ಕೊಡುವಂಥದಲ್ಲ. ಮುಂದಿನದನ್ನು ದೊಡ್ಡಮ್ಮ ಹೇಳುತ್ತಾರೆ, ದೊಡ್ಡಪ್ಪ ಹೇಳುವುದಿಲ್ಲ.

ಹಡಗಿನವರೇ ನಮ್ಮಲ್ಲಿಗೂ ಬರುತ್ತಾರೆ. ಮಳೆ ನಿಂತ ಮೇಲೆ, ಚಳಿಗಾಲದ ಹೊತ್ತಿಗೆ, ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್‌ಗಳು ತಾಗುತ್ತವೆ. ಕದ್ರಿ ದೇವಸ್ಥಾನ, ಕುದ್ರೋಳಿ, ಸೇಂಟ್ ಅಲೋಶಿಯಸ್ ಚಾಪೆಲ್, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಗೇರುಬೀಜದ ಕಾರ್ಖಾನೆ ಎಲ್ಲ ಒಂದೇ ಹಗಲಿನಲ್ಲಿ. ಬರುವವರೆಲ್ಲ ಅರೆತೋಳು, ಬರ್ಮುಡಾ, ಹ್ಯಾಟು. ಅವರನ್ನು ಸ್ವಾಗತಿಸಲು ನಿಂತ ಯಕ್ಷಗಾನದ ವೇಷಧಾರಿ ಮಾತ್ರ ಆ ಸೆಕೆಯಲ್ಲೂ ಕಿರೀಟ, ಭುಜಕೀರ್ತಿ, ಎದೆಕಟ್ಟು, ಕಾಲ್ಗೆಜ್ಜೆ ಸಮೇತ. ಇಡೀ ಬಂದರಿನಲ್ಲಿ ಗಾಲಾ ರಾತ್ರಿಗೆ ಸಿದ್ಧನಾದವನು ಅವನೊಬ್ಬನೇ. ಈ ಪ್ರವಾಸಿಗಳು ಇನ್ನಷ್ಟು ದೂರ ಹೋಗಿ ಧರ್ಮಸ್ಥಳ ಮುಟ್ಟಿದರೆ ಗಂಡಸರು ಅಂಗಿ ಕಳಚಿ ಒಳಗೆ ಹೋಗಬೇಕು. ರಾತ್ರಿ ಕೋಟಿಲ್ಲದೆ ಊಟವಿಲ್ಲ, ಹಗಲು ಅಂಗಿ ಇದ್ದರೆ ದರ್ಶನವಿಲ್ಲ. ಪಾಪ, ಒಂದೇ ಮೈ ಎಷ್ಟು ಕಡೆಯ ಮಾತು ಕೇಳಬೇಕು!

ಇಷ್ಟು ಹೊತ್ತು ಎರಡೂ ಪಕ್ಷದ ಕಾಲೆಳೆದೆ. ನನ್ನ ವೋಟು ಯಾರಿಗೆ ಅಂತ ಕೇಳಿದರೆ, ನಾಚಿಕೆಯಿಂದಲೇ ಹೇಳುತ್ತೇನೆ, ಕೋಟಿಗೆ. ಟೈಟಾನಿಕ್ ಕಾಲದ ಕೋಟಿಗಲ್ಲ. ಆಗ ಮೂರನೇ ದರ್ಜೆಯವನು ಎಂಥ ಕೋಟು ತೊಟ್ಟರೂ ಮೊದಲ ದರ್ಜೆಯ ಮೆಟ್ಟಿಲು ಹತ್ತುವಂತಿರಲಿಲ್ಲ. ನಾನು ಹೇಳುವುದು ಜೆಟ್ ಬಂದ ಮೇಲಿನ ಕ್ರೂಸ್ ಕಾಲದ್ದು. ಹೆಚ್ಚಿನ ಹಡಗುಗಳಲ್ಲಿ ಎಲ್ಲರಿಗೂ ಒಂದೇ ಊಟದ ಹಾಲ್. ಕಿಟಕಿಯಿಲ್ಲದ ಕ್ಯಾಬಿನ್ನಿನ ಗುಮಾಸ್ತನೂ ಬಾಲ್ಕನಿಯ ವ್ಯಾಪಾರಿಯೂ ಒಂದೇ ಮೇಜಿನಲ್ಲಿ ಕೂತು ಒಂದೇ ಸೂಪು ಕುಡಿಯುತ್ತಿದ್ದರು. ಕೋಟು ಇಲ್ಲದವನಿಗೆ ಬಾಡಿಗೆಗೂ ಸಿಗುತ್ತಿತ್ತು. ತೊಟ್ಟು ಕೂತರೆ ಯಾರು ಯಾವ ಡೆಕ್ಕಿನವರು ಅಂತ ಯಾರಪ್ಪನಿಗೂ ತಿಳಿಯುತ್ತಿರಲಿಲ್ಲ.

ಈಗ ನೋಡಿ. ಕೋಟು ಬೇಡ, ಬಂದ ಹಾಗೇ ಬನ್ನಿ ಎಂದು ಮೊದಲು ಕರೆದ ಅದೇ ನಾರ್ವೀಜಿಯನ್ ಕಂಪನಿಯ ಹಡಗಿನಲ್ಲಿ ‘ದ ಹೇವನ್’ ಎಂಬ ಅಂತಃಪುರ ಇದೆ. ಅದಕ್ಕೆ ಬೇರೆ ಈಜುಕೊಳ, ಬೇರೆ ಊಟದ ಮನೆ, ಬೇರೆ ಡೆಕ್ಕು, ಕಾರ್ಡು ತೋರಿಸಿದರೆ ಮಾತ್ರ ಬಾಗಿಲು. ಎಂಎಸ್‌ಸಿ ಕಂಪನಿಯವರು 2008ರಿಂದ ‘ಯಾಟ್ ಕ್ಲಬ್’ ಎಂದು ಹಡಗಿನೊಳಗೇ ಹಡಗು ಕಟ್ಟುತ್ತಿದ್ದಾರೆ. ಬಾಗಿಲಿನ ಆಚೆಗೂ ಬರ್ಮುಡಾ, ಈಚೆಗೂ ಬರ್ಮುಡಾ. ಆದರೆ ಆಚೆಯ ಬರ್ಮುಡಾಕ್ಕೆ ಟವೆಲ್ ಹಾಸಿ ಕುರ್ಚಿ ಹಿಡಿಯುವ ತಾಪತ್ರಯ ಇಲ್ಲ, ಅವನ ಕುರ್ಚಿ ಅವನಿಗಾಗಿ ಕಾಯುತ್ತಿರುತ್ತದೆ. ಕೋಟಿನ ಜಗಳದಲ್ಲಿ ಗೆದ್ದೆವು ಎಂದು ಬಫೆಯಲ್ಲಿ ಪಿಜ್ಜಾ ಕಚ್ಚುತ್ತಿರುವ ನಮ್ಮ ಬರ್ಮುಡಾ ಪಕ್ಷದವರು ಆ ಬಾಗಿಲಿಗೊಮ್ಮೆ ತಮ್ಮ ಕಾರ್ಡು ಒತ್ತಿ ನೋಡಲಿ. ಕೆಂಪು ದೀಪ ಹತ್ತುತ್ತದೆ. ಕಾರ್ಡು ಬಾಡಿಗೆಗೆ ಸಿಗುವುದಿಲ್ಲ.

ಆದ್ದರಿಂದ ಹೋಗುವವರು ಒಂದು ಕೋಟು ಇಟ್ಟುಕೊಂಡೇ ಹೋಗಿ. ಚಳಿಗಂತೂ ಆಗುತ್ತದೆ. ಬೋ ಟೈ ಕಟ್ಟಲು ಬಾರದಿದ್ದರೆ ಹೆದರಬೇಡಿ, ಯೂಟ್ಯೂಬಿನಲ್ಲಿ ಬೇಕಾದಷ್ಟು ವಿಡಿಯೊ ಇದೆ. ಅದನ್ನು ಮನೆಯಲ್ಲೇ ನೋಡಿ ಕಲಿತುಬಿಡಿ. ಬಹಳ ಹಡಗುಗಳಲ್ಲಿ ವೈಫೈಗೆ ದುಡ್ಡು ಬೇರೆ.