ಯಾರ್ ಸಾರ್ ಇದನ್ನ ಮಾಡಿದ್ದು?

ಡಾಕ್ಟರು ನಾಲಿಗೆ ನೋಡುತ್ತಾರೆ, ಜ್ಯೋತಿಷಿ ಅಂಗೈ ನೋಡುತ್ತಾನೆ. ನಮ್ಮೂರ ಎಲೆಕ್ಟ್ರಿಷಿಯನ್ ಸ್ಟಾರ್ಟರ್ ಬಾಕ್ಸಿನ ಬಾಗಿಲು ತೆಗೆದು ಒಳಗಿಣುಕುತ್ತಾನೆ, ಟೆಸ್ಟರನ್ನು ಕಿವಿಯ ಸಂದಿಗೆ ಸಿಕ್ಕಿಸುತ್ತಾನೆ, ಉದ್ದಕ್ಕೊಂದು ಉಸಿರು ಬಿಟ್ಟು ಕೇಳುತ್ತಾನೆ: ‘ಯಾರ್ ಸಾರ್ ಇದನ್ನ ಮಾಡಿದ್ದು?’

ಇದಕ್ಕೆ ಯಾರೂ ಉತ್ತರ ಹೇಳಬಾರದು. ಹೇಳಿದರೂ ಅವನ ಕಿವಿಗೆ ಬೀಳುವುದಿಲ್ಲ. ಹಿಂದಿನ ಕೆಲಸಗಾರನ ಶ್ರಾದ್ಧ ಮುಗಿಸದೆ ಹೊಸ ಕೆಲಸಕ್ಕೆ ಕೈಹಾಕುವ ಪದ್ಧತಿ ಆ ವೃತ್ತಿಯಲ್ಲಿಲ್ಲ.

ತಿಪಟೂರಿನ ಕಡೆ ನಮ್ಮದೊಂದು ತೆಂಗಿನ ತೋಟ. ಕಳೆದ ಬೇಸಿಗೆಯಲ್ಲಿ ಏಳೂವರೆ ಎಚ್‌ಪಿ ಬೋರ್‌ವೆಲ್ ಮೋಟರು ಮುಷ್ಕರ ಹೂಡಿತು. ರಾತ್ರಿ ತ್ರೀಫೇಸ್ ಬಂದ ಕೂಡಲೇ ಒಮ್ಮೆ ಗುಂಯ್ ಎನ್ನುವುದು, ಟ್ರಿಪ್ ಆಗುವುದು. ಫೋನ್ ಮಾಡಿದೆ. ‘ದಾರೀಲೇ ಇದೀನಿ ಸಾರ್’ ಎಂದ. ಆ ದಾರಿ ಮೂರನೆಯ ದಿನ ನಮ್ಮ ತೋಟ ಮುಟ್ಟಿತು.

ಬಾಗಿಲು ತೆಗೆದರೆ ಗಪ್ಪೆಂದು ಸುಟ್ಟ ವಾಸನೆ. ಆರ್ ಫೇಸಿನ ವೈರಿನ ತುದಿಯನ್ನು ಬೋಲ್ಟಿಗೆ ಸೇರಿಸುವ ಲಗ್ಗು, ಪಳಗದ ಹೆಂಚಿನ ಮೇಲೆ ಹೊಯ್ದ ಮೊದಲ ದೋಸೆಯಂತೆ ಕಪ್ಪಗೆ ಕಚ್ಚಿಕೊಂಡಿತ್ತು. ಪ್ರಶ್ನೆ ಬಂತು. ನಾನು ಸುಮ್ಮನಿದ್ದೆ. ಪಾಠ ಶುರುವಾಯಿತು.

‘ಲಗ್ಗು ಅಂದ್ರೆ ಏನಂದ್ಕೊಂಡಿದಾರೆ ಸಾರ್ ಇವ್ರು? ಇಲ್ನೋಡಿ, 10-6 ಅಂತ ಒತ್ತಿದೆ. ಮೊದಲ್ನೇದು ವೈರಿಂದು, ಹತ್ತು ಸ್ಕ್ವೇರ್ ಎಂಎಂ. ಎರಡನೇದು ಬೋಲ್ಟಿಂದು, ಆರು ಎಂಎಂ. ಎರಡೂ ಕಡೆ ಸಾಲಾವಳಿ ಬರ್ಬೇಕು. ನಿಮ್ ಕೇಬಲ್ಲು ಆರರದ್ದು. ಹತ್ತರ ಲಗ್ಗಲ್ಲಿ ಆರರ ಕೇಬಲ್ಲು ಅಪ್ಪನ ಚಪ್ಪಲಿ ಮೆಟ್ಕೊಂಡಿರೋ ಮಗು ಥರ. ನಿಲ್ಲುತ್ತಾ?’

ನಿಲ್ಲುವುದಿಲ್ಲ ಎಂದೆ.

‘ಏಳೂವರೆ ಎಚ್‌ಪಿ ಅಂದ್ರೆ ಹತ್ತಿರತ್ತಿರ 11 ಆಂಪ್. ಸ್ಟಾರ್ಟ್ ಆಗೋವಾಗ ಅದರ ಐದಾರು ಪಟ್ಟು ಎಳೆಯುತ್ತೆ. ಕರೆಂಟು ಎರಡು ಪಟ್ಟಾದ್ರೆ ಶಾಖ ನಾಲ್ಕು ಪಟ್ಟು. ಲೂಸ್ ಇರೋ ಕಡೆ ಅಷ್ಟೂ ಶಾಖ ಕೂತ್ಕೊಂಡು ಬೇಯಿಸುತ್ತೆ.’

ಅಷ್ಟಕ್ಕೇ ನಿಲ್ಲಲಿಲ್ಲ. ಕಂಬದಿಂದ ಬಂದ ಅಲ್ಯೂಮಿನಿಯಂ ವೈರಿನ ಕಡೆ ಟೆಸ್ಟರು ತಿರುಗಿತು. ‘ಇದರ ಸಿಪ್ಪೆ ಸುಲಿದ ಕೂಡ್ಲೇ ಗಾಳಿ ತಾಗಿ ಮೇಲೊಂದು ಪೊರೆ ಕಟ್ಟುತ್ತೆ. ಕಣ್ಣಿಗೆ ಕಾಣಲ್ಲ, ಕರೆಂಟಿಗೆ ಅಡ್ಡ. ಬ್ರಷ್ ಹಾಕಿ ಉಜ್ಜಿ, ಪೇಸ್ಟ್ ಹಚ್ಚಿ ಲಗ್ಗಿಗೆ ತೂರಿಸ್ಬೇಕು. ತಾಮ್ರದ ಜೊತೆ ನೇರ ಸೇರಿಸಿದ್ರೋ, ತೇವ ತಾಗಿ ಬಿಳೀ ಪುಡಿ ಆಗಿ ಉದುರುತ್ತೆ. ಅದಕ್ಕೇಂತ ಬೈಮೆಟಲ್ ಲಗ್ಗು ಇದೆ, ವೈರ್ ಹೋಗೋ ಕಡೆ ಅಲ್ಯೂಮಿನಿಯಂ, ಬೋಲ್ಟ್ ಕೂರೋ ಕಡೆ ತಾಮ್ರ. ಯಾರ್ ಹಾಕ್ತಾರೆ ಸಾರ್? ಆಮೇಲೆ ಒತ್ತೋದು ಕ್ರಿಂಪಿಂಗ್ ಟೂಲಲ್ಲೇ ಒತ್ಬೇಕು. ಒಳ್ಳೇ ಟೂಲು ಪೂರ್ತಿ ಒತ್ತೋವರೆಗೂ ಬಾಯಿ ಬಿಡಲ್ಲ.’

ಕೆಲಸ ಮುಗಿಯುವವರೆಗೆ ಬಾಯಿ ಬಿಡದ ವಸ್ತುವೊಂದರ ಬಗ್ಗೆ ಅವನಿಗಿದ್ದ ಗೌರವ ಕಂಡು ನನಗೆ ಆಶ್ಚರ್ಯವಾಯಿತು.

‘ಸರಿ ಕಣಪ್ಪ, ಆ ಟೂಲು ತೆಗಿ’ ಎಂದೆ.

‘ಅದು ಭಾವಮೈದ ತಗೊಂಡ್ ಹೋಗಿದಾನೆ ಸಾರ್.’

‘ಆರರ ಲಗ್ಗು?’

ಬ್ಯಾಗಿಗೆ ಕೈಹಾಕಿ ಗಲಗಲ ಕಲಕಿದ. ‘ನಾಲ್ಕರದ್ದಿದೆ. ಪೇಟೆಗೆ ಹೋಗಿ ಬರೋಷ್ಟರಲ್ಲಿ ಕರೆಂಟ್ ಹೋಗುತ್ತೆ. ಆಗುತ್ತೆ ಬಿಡಿ ಸಾರ್.’

ಮೇನ್ ಆಫ್ ಮಾಡಿ, ಜಗಲಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಕೇಬಲ್ಲಿನ ತುದಿ ಸುಲಿದ. ಆರು ಸ್ಕ್ವೇರ್ ಎಂಎಂ ಅಂದರೆ 0.3 ಎಂಎಂ ದಪ್ಪದ 84 ಎಳೆ, ನಾಲ್ಕರದ್ದಾದರೆ 56. ಹೊಳೆಯುವ ತಾಮ್ರವನ್ನು ಬೆರಳಲ್ಲಿ ಹೊಸೆದು, ಒಂದು ಗೊಂಚಲನ್ನು ಪಕ್ಕಕ್ಕೆ ಬಾಗಿಸಿ, ಮಗುವಿಗೆ ಚೌಲ ಮಾಡುವಷ್ಟು ನಾಜೂಕಾಗಿ ಕಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿದ. ಮೂರರಲ್ಲೊಂದು ಪಾಲು ಜಗಲಿಯ ಮೇಲೆ ಉದುರಿತು. ಆರುನೂರು ಅಡಿ ಆಳಕ್ಕೆ ದುಡ್ಡು ಸುರಿದು ಇಳಿಸಿದ ಆರರ ಕೇಬಲ್ಲು ಕೊನೆಯ ಅರ್ಧ ಇಂಚಿನಲ್ಲಿ ನಾಲ್ಕರದ್ದಾಯಿತು. ಉಳಿದದ್ದನ್ನು ಲಗ್ಗಿಗೆ ತೂರಿಸಿ, ಕಲ್ಲಿನ ಮೇಲಿಟ್ಟು, ಸುತ್ತಿಗೆಯಲ್ಲಿ ಎರಡು ಬಿಟ್ಟ.

‘ಇನ್ನು ಅಲ್ಲಾಡಲ್ಲ ಸಾರ್.’

ಮೋಟರು ಓಡಿತು, ತೊಟ್ಟಿಗೆ ನೀರು ಬಿತ್ತು. ಅವನು ಸ್ಟಾರ್ಟರಿನ ಬಾಗಿಲು ಮುಚ್ಚಲು ಹೋದಾಗ ಅದರ ಒಳಮೈ ನನಗೆ ಕಂಡಿತು. ನೀಲಿ ಮಾರ್ಕರಿನಲ್ಲಿ ಒಂದು ಹೆಸರು, ಹತ್ತು ಅಂಕಿಯ ಮೊಬೈಲ್ ನಂಬರು, ಮೂರು ವರ್ಷದ ಹಿಂದಿನ ತಾರೀಖು. ಕೊನೆಯ ಎರಡು ಅಂಕಿ ಹೊಗೆಗೆ ಮಸುಕಾಗಿದ್ದವು. ಆದರೂ ಗುರುತು ಸಿಕ್ಕಿತು. ಮೂರು ದಿನದಿಂದ ನಾನು ಒತ್ತುತ್ತಿದ್ದ ನಂಬರು ಅದೇ.

ಅವನೂ ಓದಿಕೊಂಡ. ಒಂದು ಗಳಿಗೆ ಕ್ರಿಂಪಿಂಗ್ ಟೂಲಿನ ಹಾಗೆ ಬಾಯಿ ಬಿಡಲಿಲ್ಲ. ಆಮೇಲೆ ನಿರಾಳವಾಗಿ ಹೇಳಿದ: ‘ಅವತ್ತು ಬ್ಯಾಗಲ್ಲಿ ಹತ್ತರದ್ದಿತ್ತು ಸಾರ್. ಹೇಗಾದ್ರೂ ಮಾಡಿ ಇವತ್ತೇ ನೀರು ಬರ್ಲಿ ಅಂತ ಅಂದಿದ್ದು ನೀವೇ ಅಲ್ವಾ?’

ಹೌದು, ನಾನೇ ಅಂದಿದ್ದೆ. ಕೂಲಿಯಲ್ಲಿ ನೂರು ರೂಪಾಯಿ ಚೌಕಾಸಿ ಮಾಡಿದವನೂ ನಾನೇ. ಅದನ್ನು ಅವನು ಎತ್ತಲಿಲ್ಲ, ದೊಡ್ಡ ಮನಸ್ಸು.

ಮರುವಾರ ಪೇಟೆಗೆ ಹೋಗಿ 6-6ರ ತಾಮ್ರದ ಲಗ್ಗು ಮೂರು ತಂದೆ. ಮೂರಕ್ಕೂ ಸೇರಿ ಒಂದು ಮಸಾಲೆ ದೋಸೆಯ ದುಡ್ಡಾಗಲಿಲ್ಲ. ಭಾವಮೈದನಿಂದ ಟೂಲು ಬಂದ ದಿನ ಅವನನ್ನೇ ಕರೆಸಿ, ಎಳೆಯೊಂದನ್ನೂ ಕತ್ತರಿಸದೆ ಹಾಕಿಸಿದೆ. ಅಂದೂ ಬಾಗಿಲು ತೆಗೆದವನು ಅಭ್ಯಾಸಬಲದಿಂದ ‘ಯಾರ್ ಸಾರ್...’ ಎಂದು ಶುರುಮಾಡಿ, ಅರ್ಧಕ್ಕೇ ಕೆಮ್ಮಿದ.

ನಿಮ್ಮದೂ ಬೋರ್‌ವೆಲ್ ಇದ್ದರೆ ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡುವಾಗಲೇ ಕೇಬಲ್ಲು ಎಷ್ಟರದ್ದು, ಬೋಲ್ಟು ಎಷ್ಟರದ್ದು ಎಂದು ಹೇಳಿಬಿಡಿ. ಹೇಳಿದರೂ ಅವನ ಬ್ಯಾಗಿನಲ್ಲಿ ಇರುವುದು ನಾಲ್ಕರದ್ದೇ. ಆದ್ದರಿಂದ ಲಗ್ಗು ನೀವೇ ತಂದಿಟ್ಟುಕೊಂಡಿರಿ.