ಆಗ ನೋಡಬೇಕಿತ್ತು

ಬೆಟ್ಟ ಹತ್ತುವವರಲ್ಲಿ ಒಂದು ಜಾತಿಯಿದೆ. ಯಾವ ಬೆಟ್ಟದ ಹೆಸರೆತ್ತಿದರೂ ಅವರು ಅದನ್ನು ಹತ್ತಿಯಾಗಿರುತ್ತದೆ, ಅದೂ ನಿಮಗಿಂತ ಮೊದಲು, ನಿಮಗಿಂತ ಕಷ್ಟಪಟ್ಟು, ನಿಮಗಿಂತ ಕಡಿಮೆ ನೀರು ಕುಡಿದು. ಕುಮಾರ ಪರ್ವತಕ್ಕೆ ಹೊರಟ ಪ್ರತಿ ತಂಡದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಮ್ಮ ಪಾಲಿಗೆ ಬಂದವರು ನಮ್ಮ ಆಫೀಸಿನಿಂದಲೇ ನಿವೃತ್ತರಾದ ಹಿರಿಯರು. ಅವರನ್ನು ಗುರುಗಳು ಅನ್ನುತ್ತೇವೆ. ಮೊದಮೊದಲು ತಮಾಷೆಗೆ, ಈಗ ಅಭ್ಯಾಸಬಲದಿಂದ.

ತಕರಾರು ಕುಕ್ಕೆಯ ಬಸ್ ಸ್ಟ್ಯಾಂಡಿನಲ್ಲೇ ಶುರು. ಆಗ ಬಸ್ಸಿಳಿದರೆ ಹಲ್ಲು ಕಟಕಟ ಅನ್ನುತ್ತಿತ್ತಂತೆ, ಈಗ ಎಲ್ಲಿದೆ ಚಳಿ? ಕಾಡಿನ ಏರಿನಲ್ಲಿ ನಾನು ನಾಲಿಗೆ ಹೊರಹಾಕಿ ಮರಕ್ಕೆ ಒರಗಿದರೆ, ‘ಏನ್ರೀ, ಈಗ ಸವೆದು ಸವೆದು ರಸ್ತೆನೇ ಆಗಿದೆ. ಆಗ ನೋಡಬೇಕಿತ್ತು!’ ಡಿಸೆಂಬರ್ ಆದ್ದರಿಂದ ಇಂಬಳ ಕಾಣಲಿಲ್ಲವೆಂದು ನಾನು ದೇವರಿಗೆ ಕೈಮುಗಿದರೆ, ಅವರಿಗೆ ಅದೂ ಕಲಿಗಾಲದ ಲಕ್ಷಣ. ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಅನ್ನ, ಸಾಂಬಾರು, ಮಜ್ಜಿಗೆಯ ಮುಂದೆ ಮಾತ್ರ ಬಾಯಿಗೆ ಬೇರೆ ಕೆಲಸ ಸಿಕ್ಕಿತು. ಮೂರನೇ ಸಲ ಬಡಿಸಿಕೊಂಡ ಮೇಲೆ, ‘ಆಗಿನ ಸಾಂಬಾರು...’ ಎಂದು ನಿಟ್ಟುಸಿರು ಬಿಟ್ಟರು.

ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಅವರಿಗೆ ನಿಜವಾದ ಸಿಟ್ಟು. ಆಗ ಮೇಲೆಯೇ ಡೇರೆ ಹಾಕಿ, ಬೆಂಕಿ ಕಾಯಿಸಿ ಮಲಗುತ್ತಿದ್ದವರಿಗೆ ಈಗ ಅನುಮತಿ ಪತ್ರ, ಚೀಲದ ತಪಾಸಣೆ, ಸಂಜೆಯೊಳಗೆ ಇಳಿಯಿರಿ ಎಂಬ ತಾಕೀತು. ನಾನು ಇಲಾಖೆಯ ಪರ. 2024ರ ಜನವರಿ ಕೊನೆಯಲ್ಲಿ ಇಲ್ಲಿಗೆ ಜನ ನುಗ್ಗಿದ ಪರಿಯನ್ನು ಮೊಬೈಲಿನಲ್ಲಿ ಎಲ್ಲರೂ ನೋಡಿದ್ದಾರೆ. ಆನ್‌ಲೈನ್ ಬುಕಿಂಗ್ ಇಲ್ಲದೆ ಹತ್ತುವಂತಿಲ್ಲ ಎಂಬ ಕಟ್ಟುಪಾಡು ಬಂದದ್ದೇ ಆಮೇಲೆ. ಅಭಯಾರಣ್ಯವೆಂದ ಮೇಲೆ ಕಾಡಿಗೂ ಒಂದಿಷ್ಟು ಅಭಯ ಬೇಡವೇ? ಇದನ್ನೆಲ್ಲ ಗುರುಗಳಿಗೆ ಹೇಳುವಷ್ಟು ಉಸಿರು ನನ್ನಲ್ಲಿರಲಿಲ್ಲ.

ಸ್ಥಳಪುರಾಣವನ್ನೂ ಅವರು ಬಿಡಲಿಲ್ಲ. ತಾರಕನನ್ನು ಕೊಂದ ಕುಮಾರಸ್ವಾಮಿ ಇಲ್ಲಿಗೆ ಬಂದದ್ದು, ಹೊಳೆಯಲ್ಲಿ ಆಯುಧ ತೊಳೆದು ಅದು ಕುಮಾರಧಾರೆಯಾದದ್ದು, ಇಂದ್ರ ಮಗಳು ದೇವಸೇನೆಯನ್ನು ಧಾರೆ ಎರೆದದ್ದು ಎಲ್ಲವನ್ನೂ ಹೇಳಿದರು. ಹೇಳುವ ವೈಖರಿ ನೋಡಿದರೆ ಆ ಮದುವೆಗೆ ಓಲಗದವರನ್ನು ಗೊತ್ತುಮಾಡಿದ್ದೂ ಇವರೇ ಇರಬೇಕು. ಇನ್ನು ಸೋಮವಾರಪೇಟೆ ಕಡೆಯ ಹತ್ತಿರದ ದಾರಿ ಹಿಡಿಯುವವರ ಬಗ್ಗೆ ಅವರ ತೀರ್ಪು ಒಂದೇ: ‘ಅದು ಹತ್ತೋದಲ್ಲ ಕಣ್ರೀ, ವಾಕಿಂಗು.’

ಇಷ್ಟನ್ನೂ ಸಹಿಸಬಹುದು. ಶೇಷ ಪರ್ವತದ ಮೇಲೆ ಮಾಡಿದ್ದನ್ನು ಸಹಿಸುವುದು ಹೇಗೆ? ಕಲ್ಲು ಮಂಟಪ ದಾಟಿದ ಮೇಲೆ ನೆರಳೆಂಬುದಿಲ್ಲ, ಬರೀ ಹುಲ್ಲು, ಬಿಸಿಲು, ಏರು. ಕೊನೆಗೆ ತುದಿ ಬಂತು. ಹುಡುಗರು ಕೂಗಿದ ಜೈಕಾರಕ್ಕೆ ಕಣಿವೆ ಮಾರ್ದನಿಸಿತು. ನಾನು ಬಂಡೆ ಮುಟ್ಟಿ ಕಣ್ಣಿಗೊತ್ತಿಕೊಂಡೆ. ನನಗರಿವಿಲ್ಲದೆ ಒಂದು ಹನಿಯೂ ಬಂತು. ಗುರುಗಳು ಅಡ್ಡಿ ಮಾಡಲಿಲ್ಲ. ತಾವೇ ಮೊಬೈಲ್ ಇಸಿದುಕೊಂಡು, ‘ಸ್ವಲ್ಪ ನಗ್ರೀ’ ಎಂದು ನಿಲ್ಲಿಸಿ ಫೋಟೋ ತೆಗೆದರು. ಗೆದ್ದ ಖುಷಿಯಲ್ಲಿ ನಾವು ಉಳಿದಿದ್ದ ಚಕ್ಕುಲಿ ಮುಗಿಸಿದೆವು. ಆಮೇಲೆ ಅವರು ಕೈಯೊರೆಸಿಕೊಂಡು, ಬೆರಳು ನೀಡಿ, ‘ಇದು ಶೇಷ ಪರ್ವತ. ಕುಮಾರ ಪರ್ವತ ಅಗೋ, ಅಲ್ಲಿ’ ಅಂದರು.

‘ಅಲ್ಲಿ’ ಅಂದರೆ, ಹತ್ತಿದ್ದರಲ್ಲಿ ಒಂದು ಪಾಲನ್ನು ಮತ್ತೆ ಇಳಿದು, ದಟ್ಟ ಕಾಡು ಹೊಕ್ಕು, ನೀರು ಜಿನುಗುವ ಬಂಡೆಯನ್ನು ಕೈಕಾಲೆಲ್ಲ ಊರಿ ಏರಿದ ಮೇಲೆ, 1,712 ಮೀಟರ್ ಎತ್ತರದಲ್ಲಿ. ಮೊದಲೇ ಹೇಳಬಾರದಿತ್ತೇ ಎಂದು ಹುಡುಗರು ಮೇಲೆಬಿದ್ದರು. ‘ಆಗ ನನಗೂ ಯಾರೂ ಹೇಳಿರಲಿಲ್ಲ’ ಅಂದರು ಗುರುಗಳು, ಪರಮ ತೃಪ್ತಿಯಿಂದ.

ಆದರೆ ಏಳಲಿಲ್ಲ. ಬಲ ಮಂಡಿಯನ್ನು ನೀವುತ್ತ, ‘ನೀವು ಹೋಗ್ಬನ್ನಿ. ಬ್ಯಾಗು ಕಾಯೋಕೆ ಒಬ್ಬರು ಬೇಕಲ್ಲ’ ಅಂದರು. ಬ್ಯಾಗು ಕದಿಯಲು ಅಲ್ಲಿ ಹದ್ದು ಬಿಟ್ಟರೆ ಯಾರೂ ಇರಲಿಲ್ಲ. ನಾವೂ ವಾದಿಸಲಿಲ್ಲ.

ತುದಿಯಲ್ಲಿ ಕಲ್ಲುಗುಪ್ಪೆಗಳಿದ್ದವು, ಮಂಜಿತ್ತು. ಒಂದು ಮಾರಿನಾಚೆ ಏನೂ ಕಾಣಲಿಲ್ಲ. ಇಳಿದು ಬಂದಾಗ ಗುರುಗಳು ಕೂತಲ್ಲಿಂದಲೇ ಪ್ರಶ್ನೆ ಹಾಕತೊಡಗಿದರು. ಬಂಡೆ ಒದ್ದೆಯಿತ್ತಾ? ಬೇರು ಹಿಡಿದು ಹತ್ತಿದ್ರಾ? ಕಾಡೊಳಗೆ ತಂಪಿತ್ತಾ? ಒಂದೊಂದಕ್ಕೂ ಉತ್ತರ ಬೇಕು, ವಿವರವಾಗಿ ಬೇಕು. ಮೇಲಿನಿಂದ ಏನೂ ಕಾಣಲಿಲ್ಲವೆಂದು ಹೇಳಿ, ‘ಆಗ ನೋಡಬೇಕಿತ್ತು’ ಕೇಳಲು ಮೈ ಗಟ್ಟಿಮಾಡಿಕೊಂಡೆ.

‘ನಾನು ಹೋದಾಗಲೂ ಬರೀ ಮಂಜೇ ಕಣ್ರೀ’ ಅಂದರು.

ಇಳಿಯುವಾಗ ಅವರ ಚೀಲವನ್ನು ಹುಡುಗರು ಹೊತ್ತರು. ಬೇಡವೆಂದು ಬೈದರು, ಆದರೆ ಕೊಟ್ಟರು. ಮೊನ್ನೆ ಫೋನು ಮಾಡಿದ್ದರು. ‘ಈ ಸಲ ಸೋಮವಾರಪೇಟೆ ಕಡೆಯಿಂದ ಹತ್ತೋಣ. ನನಗೋಸ್ಕರ ಅಲ್ಲ. ಅವತ್ತು ನಿಮ್ಮ ಏದುಸಿರು ನೋಡಿದೆನಲ್ಲ, ನಿಮಗೆ ಆ ದಾರೀನೇ ವಾಸಿ. ಆ ಆನ್‌ಲೈನು ಗೀನ್‌ಲೈನು ನೀವೇ ನೋಡ್ಕೊಳ್ಳಿ.’